ಎಳೆದರೆ ಬಾರದ ಪೈಪ್ ನಡುಗಿಸಿದರೆ ಬರುತ್ತಾ? ಎಣ್ಣೆ ಬಾವಿಯೊಳಗಿನ ಒಂದು ಪಾಠ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಲೋಕಲ್ ಟ್ರೈನಲ್ಲೋ ಮೆಟ್ರೋದಲ್ಲೋ ಓದ್ಕೊಂಡು ಹೋಗೋರಿಗೆ, ಈ ವಾರದ ಮಾತಿನ ಬರಹ ರೂಪ ಇದು. ಮಾತಾಡುವಾಗ ಗಡಿಬಿಡಿಯಲ್ಲಿ ಬಿಟ್ಟುಹೋದ ಕೆಲವು ಲೆಕ್ಕಗಳನ್ನು ಇಲ್ಲಿ ಸೇರಿಸಿದ್ದೀನಿ.

ನಾನು ಪುಣೆಯಲ್ಲಿ ಕೂತು ಮಾಡೋ ಕೆಲಸ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಎಣ್ಣೆ ಬಾವಿ ಕೊರೆಯುವ ರಿಗ್‌ಗಳಿಂದ ಬರುವ ಡೇಟಾವನ್ನು ಸ್ಕ್ರೀನ್ ಮೇಲೆ ತೋರಿಸುವ ಸಾಫ್ಟ್‌ವೇರ್ ನಮ್ಮದು. ಹುಕ್ ಮೇಲೆ ಎಷ್ಟು ಟನ್ ಭಾರ ಬಿದ್ದಿದೆ, ಪಂಪಿನ ಒತ್ತಡ ಎಷ್ಟು, ಪೈಪ್ ತಿರುಗ್ತಿದೆಯೋ ನಿಂತಿದೆಯೋ, ಇವೆಲ್ಲ ಸೆಕೆಂಡಿಗೆ ಒಂದು ಸಾಲಿನಂತೆ ಬರ್ತಾ ಇರುತ್ತೆ. ಮೊದಲ ನಾಲ್ಕು ವರ್ಷ ಒಂದು ರಿಗ್ಗನ್ನೂ ಕಣ್ಣಾರೆ ನೋಡದೆ ಈ ಕೆಲಸ ಮಾಡಿದೆ. ನನ್ನ ಪಾಲಿಗೆ ಪೈಪ್ ಅಂದ್ರೆ ಡೇಟಾಬೇಸಿನ ಒಂದು ಕಾಲಂ, ಅಷ್ಟೇ.

ಒಂದು ರಾತ್ರಿ ಆ ಕಾಲಂನಲ್ಲಿ ಪೈಪ್ ಸಿಕ್ಕಿಹಾಕಿಕೊಂಡಿತು. ಅದರಲ್ಲಿ ನನ್ನ ತಪ್ಪೂ ಇತ್ತು. ಇವತ್ತಿನ ವಿಷಯ ಅದೇ: ಬಾವಿಯೊಳಗೆ ಸಿಕ್ಕಿಬಿದ್ದ ಪೈಪನ್ನು ಬಿಡಿಸೋದು ಹೇಗೆ, ಅದರಲ್ಲೂ ಕಂಪನದಿಂದ, ಅಂದ್ರೆ ನಡುಗಿಸಿ ಬಿಡಿಸೋದು ಹೇಗೆ.

ನಾನು ಬಾಯಿ ಮುಚ್ಚಿಸಿದ ಅಲಾರ್ಮ್

ನಮ್ಮ ಸಿಸ್ಟಮ್ಮಿನಲ್ಲಿ ಒಂದು ಅಲಾರ್ಮ್ ಇತ್ತು. ಕೇಸಿಂಗ್ ಇಲ್ಲದ ಭಾಗದಲ್ಲಿ ಪೈಪ್ 10 ನಿಮಿಷಕ್ಕಿಂತ ಹೆಚ್ಚು ಹೊತ್ತು ಅಲ್ಲಾಡದೆ ನಿಂತರೆ ಕೆಂಪು ದೀಪ. ಕೇಸಿಂಗ್ ಅಂದ್ರೆ ನಮ್ಮೂರ ಬೋರ್‌ವೆಲ್ಲಿಗೆ ಇಳಿಸ್ತಾರಲ್ಲ, ಗೋಡೆ ಕುಸಿಯದ ಹಾಗೆ ಹೊರಪೈಪು, ಅದೇ. ಈ ಅಲಾರ್ಮ್ ದಿನಕ್ಕೆ ಹತ್ತಾರು ಸಲ ಸುಮ್ಮಸುಮ್ಮನೆ ಹೊಡ್ಕೊಳ್ತಿತ್ತು. ರಾತ್ರಿ ಪಾಳಿಯ ಹುಡುಗರು ಬೈಯೋಕೆ ಶುರು ಮಾಡಿದ್ರು. ನಾನು ಒಂದು ಶುಕ್ರವಾರ ಸಂಜೆ 10 ಅನ್ನೋದನ್ನ 60 ಮಾಡಿ, ಟಿಕೆಟ್ ಮುಚ್ಚಿ ಮನೆಗೆ ಹೋದೆ.

ಮುಂದಿನ ವಾರ ಒಂದು ರಿಗ್‌ನಲ್ಲಿ ಮಡ್ ಪಂಪ್ ಕೆಟ್ಟಿತು. ಪಂಪ್ ನಿಂತರೂ ಪೈಪನ್ನು ಮೇಲೆ ಕೆಳಗೆ ಅಲ್ಲಾಡಿಸ್ತಾ ಇರಬೇಕು ಅನ್ನೋದು ರಿಗ್‌ನವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಎಲ್ಲರ ಗಮನ ಪಂಪಿನ ಮೇಲಿತ್ತು. ಪೈಪ್ 40 ನಿಮಿಷ ನಿಂತೇ ಇತ್ತು. ಅಂಥ ಹೊತ್ತಲ್ಲಿ ಫೋನ್ ಮಾಡಿ ನೆನಪಿಸೋಕೇ ನಮ್ಮ ರಾತ್ರಿ ಪಾಳಿ ಇರೋದು. ಸ್ಕ್ರೀನ್ ಹಸಿರಾಗಿತ್ತು. ಯಾರೂ ಫೋನ್ ಮಾಡಲಿಲ್ಲ. ಪಂಪ್ ರಿಪೇರಿ ಆದಮೇಲೆ ಎತ್ತೋಕೆ ಹೋದ್ರೆ ಪೈಪ್ ಬರಲಿಲ್ಲ.

ಪೈಪ್ ಯಾಕೆ ಅಂಟಿಕೊಳ್ಳುತ್ತೆ?

ಎಣ್ಣೆ ಬಾವಿ ಕೊರೆಯುವಾಗ ಒಳಗೆ ಮಡ್ ಅನ್ನೋ ಭಾರದ ದ್ರವ ಸುತ್ತುತ್ತಾ ಇರುತ್ತೆ. ಪೈಪಿನೊಳಗಿಂದ ಇಳಿದು, ಬಿಟ್‌ನಿಂದ ಹೊರಬಿದ್ದು, ಕಲ್ಲಿನ ಚೂರುಗಳನ್ನು ಹೊತ್ಕೊಂಡು ಹೊರಗಿನ ಸಂದಿಯಲ್ಲಿ ಮೇಲೆ ಬರುತ್ತೆ. ನೆಲದೊಳಗಿನ ಎಣ್ಣೆ, ಗ್ಯಾಸ್ ಒಮ್ಮೆಗೇ ನುಗ್ಗಿ ಬರಬಾರದು ಅಂತ ಮಡ್‌ನ ಒತ್ತಡವನ್ನು ಕಲ್ಲಿನ ಪದರದ ಒತ್ತಡಕ್ಕಿಂತ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿನೇ ಇಟ್ಟಿರ್ತಾರೆ. ತೊಂದರೆಯೂ ಅಲ್ಲೇ ಶುರು.

ಮರಳುಗಲ್ಲಿನಂಥ ರಂಧ್ರವಿರುವ ಪದರ ಸಿಕ್ಕಾಗ ಮಡ್‌ನಲ್ಲಿರುವ ನೀರಿನಂಶ ಕಲ್ಲಿನೊಳಗೆ ಇಂಗುತ್ತೆ, ಗಟ್ಟಿ ಅಂಶ ಗೋಡೆ ಮೇಲೆ ಉಳಿಯುತ್ತೆ. ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿದಮೇಲೆ ಕಾಫಿಪುಡಿಯ ಚರಟ ಉಳಿಯುತ್ತಲ್ಲ, ಹಾಗೆ. ಇದಕ್ಕೆ ಮಡ್ ಕೇಕ್ ಅಂತಾರೆ. ನಿಂತ ಪೈಪ್ ಈ ಕೇಕಿಗೆ ಒರಗಿಕೊಂಡ್ರೆ, ಒಂದು ಕಡೆ ಮಡ್‌ನ ಹೆಚ್ಚು ಒತ್ತಡ, ಇನ್ನೊಂದು ಕಡೆ ಕಲ್ಲಿನ ಕಡಿಮೆ ಒತ್ತಡ. ನೀರು ತುಂಬಿದ ಸಿಂಕಿನ ತೂತಿಗೆ ತಟ್ಟೆ ಅಂಟಿಕೊಂಡ ಹಾಗೆ ಪೈಪ್ ಗೋಡೆಗೆ ಅಂಟಿಕೊಳ್ಳುತ್ತೆ.

ಎಷ್ಟು ಬಲವಾಗಿ? ಒಂದು ಸಣ್ಣ ಲೆಕ್ಕ ಹಾಕೋಣ. ಒತ್ತಡದ ವ್ಯತ್ಯಾಸ ಚದರ ಸೆಂಟಿಮೀಟರಿಗೆ 35 ಕಿಲೋ. ಪೈಪ್ 7 ಸೆಂ.ಮೀ. ಅಗಲಕ್ಕೆ, 10 ಮೀಟರ್ ಉದ್ದಕ್ಕೆ ಅಂಟಿದೆ ಅಂತಿಟ್ಕೊಳ್ಳಿ. ಅಂದ್ರೆ 7,000 ಚದರ ಸೆಂ.ಮೀ. ಗುಣಿಸಿದರೆ 245 ಟನ್ ಒತ್ತು. ಘರ್ಷಣೆಯ ಗುಣಾಂಕ 0.2 ಹಿಡಿದರೂ ಬಿಡಿಸೋಕೆ 49 ಟನ್ ಎಳೆಯಬೇಕು. ಅಂಟಿದ ಉದ್ದ 20 ಮೀಟರ್ ಆದ್ರೆ 98 ಟನ್. ಹೊತ್ತು ಕಳೆದಷ್ಟೂ ಕೇಕ್ ದಪ್ಪ ಆಗುತ್ತೆ, ಅಂಟಿದ ಅಗಲ ಹೆಚ್ಚುತ್ತೆ, ಈ ಸಂಖ್ಯೆಯೂ ಏರುತ್ತೆ. ಆ 40 ನಿಮಿಷಕ್ಕೆ ಅಷ್ಟು ಬೆಲೆ ಇರೋದು ಅದಕ್ಕೇ.

ಸಿಕ್ಕಿಕೊಳ್ಳೋಕೆ ಬೇರೆ ದಾರಿಗಳೂ ಇವೆ. ಬಾವಿಯ ಗೋಡೆ ಕುಸಿದು ಸುತ್ತ ತುಂಬಿಕೊಳ್ಳಬಹುದು. ಕೊರೆದ ಚೂರುಗಳು ಮೇಲೆ ಬಾರದೆ ಗುಡ್ಡೆಯಾಗಬಹುದು. ಹಳೇ ಬಾವಿಗಳಲ್ಲಿ ಒಳಪೈಪಿಗೂ ಕೇಸಿಂಗಿಗೂ ನಡುವೆ ಮರಳು ಇಳಿದು ಗಟ್ಟಿಯಾಗಬಹುದು. ಯಾವ ಕಾರಣಕ್ಕೆ ಸಿಕ್ಕಿದೆ ಅಂತ ತಿಳಿಯದೆ ಮದ್ದು ಮಾಡೋಕಾಗಲ್ಲ.

ಜೋರಾಗಿ ಎಳೆದ್ರೆ ಆಯ್ತಲ್ಲ?

ನಾನೂ ಅದನ್ನೇ ಕೇಳಿದ್ದೆ. ನಮ್ಮ ತಂಡದಲ್ಲಿದ್ದ ಹಿರಿಯ ಡ್ರಿಲ್ಲಿಂಗ್ ಇಂಜಿನಿಯರ್ ಸರ್ ಬೋರ್ಡ್ ಮೇಲೆ ಬರೆದು ತೋರಿಸಿದ್ರು. 5 ಇಂಚಿನ ಸಾಮಾನ್ಯ ಡ್ರಿಲ್ ಪೈಪ್ ಮೀಟರಿಗೆ ಸುಮಾರು 29 ಕಿಲೋ. 3,000 ಮೀಟರ್ ಅಂದ್ರೆ ಅದರದ್ದೇ ಭಾರ 87 ಟನ್, ಮಡ್‌ನಲ್ಲಿ ತೇಲುವ ಪಾಲು ಕಳೆದರೆ ಇನ್ನೂ ಸ್ವಲ್ಪ ಕಡಿಮೆ. ಇ ಗ್ರೇಡ್ ಅನ್ನೋ ಸಾಧಾರಣ ಉಕ್ಕಿನ ಹೊಸ ಪೈಪ್ ತಡೆಯೋದು ಸುಮಾರು 180 ಟನ್. ಉಳಿಯೋ ಅಂತರ ಹೆಚ್ಚುಕಡಿಮೆ 100 ಟನ್. ಪೈಪ್ ಹಳೇದಾಗಿದ್ರೆ ಅದೂ ಇಲ್ಲ. ಬಾವಿ ಓರೆಯಾಗಿದ್ರೆ ಮೇಲಿನ ಎಳೆತದಲ್ಲಿ ಒಂದು ಪಾಲು ದಾರಿಯ ಘರ್ಷಣೆಗೇ ಹೋಗುತ್ತೆ.

ಇನ್ನೊಂದು ವಿಚಾರ ನನಗೆ ಹೊಸದು. 3,000 ಮೀಟರ್ ಆಳದಲ್ಲಿ ಸಿಕ್ಕಿದ ಈ ಪೈಪನ್ನು 50 ಟನ್ ಹೆಚ್ಚುವರಿ ಬಲದಿಂದ ಎಳೆದ್ರೆ, ಮೇಲೆ ಅದು ಸುಮಾರು 2 ಮೀಟರ್ ಎದ್ದು ಬರುತ್ತೆ. ಬಿಟ್ಟುಬಂತು ಅಂತ ಖುಷಿ ಪಡಬೇಡಿ, ಕೆಳಗೆ ಕೂದಲೆಳೆಯಷ್ಟೂ ಅಲ್ಲಾಡಿರಲ್ಲ. ಅಷ್ಟು ಉದ್ದದ ಉಕ್ಕು ಬರೀ ಒಂದು ಸ್ಪ್ರಿಂಗ್. ಅದೇ ಎಳೆತಕ್ಕೆ 1 ಮೀಟರ್ ಮಾತ್ರ ಎದ್ದರೆ 1,500 ಮೀಟರಿನಲ್ಲಿ ಸಿಕ್ಕಿದೆ ಅಂತ ಅರ್ಥ. ಸ್ಕೂಲಲ್ಲಿ ಓದಿದ ಹೂಕ್‌ನ ನಿಯಮ ಇಲ್ಲಿ ಅಳತೆಗೋಲು.

ಎಳೆಯೋದರ ಆಚೆಗೆ ಮೊದಲ ಮದ್ದು, ಕೇಕನ್ನು ಸಡಿಲ ಮಾಡುವ ದ್ರವವನ್ನು ಆ ಜಾಗಕ್ಕೆ ಕಳಿಸಿ ನೆನೆಯೋಕೆ ಬಿಡೋದು. ಎರಡನೆಯದು ಜಾರ್. ಇದು ಪೈಪಿನ ಸಾಲಿನಲ್ಲೇ ಇರುವ ಸುತ್ತಿಗೆ. ಪೈಪನ್ನು ಹಿಗ್ಗಿಸಿ ಶಕ್ತಿ ತುಂಬಿ, ಒಮ್ಮೆಗೇ ಬಿಟ್ಟು ಗುದ್ದುತ್ತೆ. ಎರಡೂ ಸೋತರೆ ಸಿಕ್ಕ ಜಾಗದ ಮೇಲಿನ ಒಂದು ಜಾಯಿಂಟನ್ನು ಹಿಮ್ಮುಖವಾಗಿ ತಿರುಚಿ ಹಿಡಿದು, ಅಲ್ಲಿಗೆ ಸಣ್ಣ ಸ್ಫೋಟಕ ಇಳಿಸಿ ಸಿಡಿಸಿ, ಥ್ರೆಡ್ ಬಿಚ್ಚಿ ಮೇಲಿನದ್ದನ್ನು ಎತ್ತಿಕೊಳ್ತಾರೆ. ಕೆಳಗುಳಿದದ್ದನ್ನು ಹಿಡಿಯೋಕೆ ಬೇರೆ ಉಪಕರಣ ಇಳಿಸ್ತಾರೆ. ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಬಿಟ್ಟ ಹಾಗೆ. ಇದಕ್ಕೆ ಇಂಡಸ್ಟ್ರಿಯಲ್ಲಿ ಫಿಶಿಂಗ್ ಅಂತಲೇ ಹೆಸರು.

ನಮ್ಮ ಆ ಬಾವಿಯಲ್ಲಿ ದ್ರವ ಬಿಟ್ಟರು, ಎರಡು ದಿನ ಜಾರ್ ಹೊಡೆದರು. ಬರಲಿಲ್ಲ. ಕೆಳಗಿನ ತುಂಡನ್ನು ಅಲ್ಲೇ ಬಿಟ್ಟು, ಅದರ ಮೇಲೆ ಸಿಮೆಂಟ್ ಹಾಕಿ, ಪಕ್ಕಕ್ಕೆ ತಿರುಗಿಸಿ ಹೊಸದಾಗಿ ಕೊರೆದರು. ರಿಗ್‌ಗೆ ಬಾಡಿಗೆ ದಿನದ ಲೆಕ್ಕ. ಮುಂಬಯಿಯಲ್ಲಿರೋರು ಬಾಂಬೆ ಹೈ ಹೆಸರು ಕೇಳಿರ್ತೀರಿ. ಊರಿಂದ ಸುಮಾರು 160 ಕಿಲೋಮೀಟರ್ ದೂರದ ಕಡಲಲ್ಲಿ, 1974ರಲ್ಲಿ ಸಾಗರ್ ಸಮ್ರಾಟ್ ರಿಗ್ ಎಣ್ಣೆ ಕಂಡ ಜಾಗ. ಅಂಥ ಕಡಲಲ್ಲಂತೂ ರಿಗ್ ಜೊತೆಗೆ ದೋಣಿ, ಹೆಲಿಕಾಪ್ಟರ್ ಖರ್ಚೂ ಓಡ್ತಿರುತ್ತೆ. ನಮ್ಮದು ನೆಲದ ಮೇಲಿನ ಬಾವಿ. ಆದರೂ ಆ ವಾರದ ಮೀಟಿಂಗ್‌ನಲ್ಲಿ 60 ಅನ್ನೋ ಸಂಖ್ಯೆ ಯಾರು ಹಾಕಿದ್ದು ಅಂತ ಕೇಳಿದಾಗ ನಾನು ಕೈ ಎತ್ತಿದ್ದು ಇನ್ನೂ ನೆನಪಿದೆ.

ಗೂಟ ಕೀಳುವ ವಿದ್ಯೆ

ಆ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಅಲ್ಲ ಕಣೋ, ಹಸುವಿನ ಗೂಟ ಕೀಳ್ಬೇಕಾದ್ರೂ ನಾಲ್ಕು ಸಲ ಅಲ್ಲಾಡಿಸಿ ಆಮೇಲೆ ಎಳೀತೀವಿ. ಅಷ್ಟು ದೊಡ್ಡ ಮಷಿನ್ ಇಟ್ಕೊಂಡು ಬರೀ ಎಳೀತಾರಾ?"

ಸೋಮವಾರ ಸರ್ ಹತ್ರ ಇದನ್ನೇ ಕೇಳಿದೆ. ಅವರು ನಕ್ಕು, ಅದಕ್ಕೂ ಒಂದು ಮಷಿನ್ ಇದೆ, ನಮ್ಮ ಬಾವಿಗೆ ಹೊತ್ತಿಗೆ ಸಿಗಲಿಲ್ಲ ಅಂದ್ರು. ಅಲ್ಲಿಂದ ನನ್ನ ಓದು ಶುರು.

ಕಂಪನದಿಂದ ಶಕ್ತಿ ಸಾಗಿಸಬಹುದು ಅನ್ನೋ ಯೋಚನೆ ಹಳೇದು. ರುಮೇನಿಯಾದ ಗೋಗು ಕಾನ್‌ಸ್ಟಾಂಟಿನೆಸ್ಕು 1918ರಲ್ಲೇ ಇದರ ಮೇಲೆ ಪುಸ್ತಕ ಬರೆದರು. ಕಳೆದ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಲ್ಬರ್ಟ್ ಬೋಡಿನ್ ಇದನ್ನು ನೆಲಕ್ಕೆ ಕಂಬ ಇಳಿಸೋಕೆ, ಕೊರೆಯೋಕೆ, ಸಿಕ್ಕಿಕೊಂಡದ್ದನ್ನು ಬಿಡಿಸೋಕೆ ಬಳಸುವ ಯಂತ್ರಗಳಿಗೆ ಪೇಟೆಂಟ್ ಮೇಲೆ ಪೇಟೆಂಟ್ ಪಡೆದರು.

ಯಂತ್ರದ ತತ್ವ ಸರಳ. ಮಧ್ಯಕ್ಕೆ ಸರಿಯಾಗಿ ಕೂರದ ಭಾರಗಳನ್ನು ಎರಡು ಶಾಫ್ಟ್‌ಗಳಿಗೆ ಕಟ್ಟಿ, ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ಒಂದೇ ವೇಗದಲ್ಲಿ ತಿರುಗಿಸ್ತಾರೆ. ಅಕ್ಕಪಕ್ಕದ ಎಳೆತ ಒಂದಕ್ಕೊಂದು ವಜಾ ಆಗುತ್ತೆ. ಮೇಲೆ ಕೆಳಗಿನ ಎಳೆತ ಕೂಡುತ್ತೆ. ಉದಾಹರಣೆಗೆ ಒಟ್ಟು 100 ಕಿಲೋ ಭಾರ, ಮಧ್ಯದಿಂದ 10 ಸೆಂ.ಮೀ. ದೂರ, ಸೆಕೆಂಡಿಗೆ 10 ಸುತ್ತು ಅಂದ್ರೆ ಸುಮಾರು 4 ಟನ್ ಬಲ ಮೇಲೆ ಕೆಳಗೆ ಆಡುತ್ತೆ. ವೇಗ 20 ಸುತ್ತಿಗೆ ಏರಿದರೆ ಬಲ ನಾಲ್ಕು ಪಟ್ಟು, 16 ಟನ್. ಈ ಯಂತ್ರವನ್ನು ರಿಗ್‌ನ ಹುಕ್ಕಿಗೆ ನೇತುಹಾಕಿ, ಪೈಪಿನ ತಲೆಗೆ ಬಿಗಿಯಾಗಿ ಕಚ್ಚಿಸ್ತಾರೆ. ನಡುಕ ರಿಗ್‌ನ ಗೋಪುರಕ್ಕೆ ಹತ್ತದ ಹಾಗೆ ನಡುವೆ ಸ್ಪ್ರಿಂಗ್‌ಗಳಿರುತ್ತವೆ.

ನೀವು ಕೇಳಬಹುದು: 98 ಟನ್ ಬೇಕಾದಲ್ಲಿ 4 ಟನ್ ಏನು ಮಾಡೀತು?

ಪೈಪಿಗೂ ಒಂದು ತಾಳ ಇದೆ

ಜೋಕಾಲಿ ನೆನಪಿಸಿಕೊಳ್ಳಿ. ದೊಡ್ಡವರನ್ನು ಕೂರಿಸಿದ ಜೋಕಾಲಿಯನ್ನೂ ಚಿಕ್ಕ ಮಗು ಎತ್ತರಕ್ಕೆ ತೂಗಬಲ್ಲದು, ಸರಿಯಾದ ಹೊತ್ತಿಗೆ ತಳ್ಳಿದರೆ ಮಾತ್ರ. ಹೊತ್ತು ತಪ್ಪಿ ತಳ್ಳಿದರೆ ಜೋಕಾಲಿ ನಿಂತೇ ಹೋಗುತ್ತೆ. ಇದೇ ಅನುರಣನ.

ಉಕ್ಕಿನ ಪೈಪಿನಲ್ಲಿ ಉದ್ದಕ್ಕೆ ಸಾಗುವ ಅಲೆಯ ವೇಗ ಸೆಕೆಂಡಿಗೆ ಸುಮಾರು 5,000 ಮೀಟರ್. 3,000 ಮೀಟರ್ ಕೆಳಗೆ ಹೋಗಿ, ಸಿಕ್ಕ ಜಾಗಕ್ಕೆ ಬಡಿದು, ಮೇಲೆ ಬರೋಕೆ 1.2 ಸೆಕೆಂಡ್. ಹೋಗಿಬರುವ ಅಲೆಗೆ ಹೊಸ ಅಲೆ ತಾಳ ತಪ್ಪದೆ ಸೇರಿದರೆ ನಡುಕ ಬೆಳೀತಾ ಹೋಗುತ್ತೆ. ಕೆಳಗೆ ಕಚ್ಚಿಕೊಂಡು, ಮೇಲೆ ಆಡುವ ಪೈಪಿಗೆ ಅಂಥ ಆವರ್ತನಗಳು ಸಮಾನ ಅಂತರದಲ್ಲಿ ಸಿಗುತ್ತವೆ. ಅಂತರದ ಲೆಕ್ಕ ಇಷ್ಟು: ವೇಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿ. 3,000 ಮೀಟರಿಗೆ 0.83 ಹರ್ಟ್ಜ್, 1,500 ಮೀಟರಿಗೆ 1.67 ಹರ್ಟ್ಜ್. ಮಡ್, ದಪ್ಪ ಜಾಯಿಂಟ್‌ಗಳು, ಕೆಳಗಿನ ಭಾರದ ಪೈಪ್‌ಗಳು ಸೇರಿದರೆ ನಿಜದ ಲೆಕ್ಕ ಇಷ್ಟು ನೇರ ಇರಲ್ಲ. ಆದರೆ ದಿಕ್ಕು ಇದೇ.

ಹಾಗಾಗಿ ಯಂತ್ರ ನಡೆಸುವವರು ನೇರ ಪೂರ್ತಿ ವೇಗಕ್ಕೆ ಹೋಗಲ್ಲ. ಮೊದಲು ಪೈಪನ್ನು ಬಿಗಿಯಾಗಿ ಎಳೆದು ಹಿಡೀತಾರೆ. ಆಮೇಲೆ ಆವರ್ತನವನ್ನು ನಿಧಾನಕ್ಕೆ ಏರಿಸ್ತಾ, ಪೈಪಿನ ತಲೆ ಎಲ್ಲಿ ಹೆಚ್ಚು ಆಡುತ್ತೆ ಅಂತ ಹುಡುಕ್ತಾರೆ. ಸಿಕ್ಕ ತುದಿಯಲ್ಲಿ ಪೈಪ್ ಆಡಲ್ಲ ನಿಜ. ಆದರೆ ಎಳೆತದ ಏರಿಳಿತ ಅತಿ ಹೆಚ್ಚಾಗೋದು ಅಲ್ಲೇ. ಮೇಲಿನಿಂದ ಕೊಟ್ಟ ಸಣ್ಣ ತಳ್ಳುಗಳು ಹೀಗೆ ಕೂಡಿ ಕೂಡಿ, ಹುಕ್ಕಿನ ಎಳೆತ ಮುಟ್ಟದ ಜಾಗವನ್ನು ಸೆಕೆಂಡಿಗೆ ಹತ್ತಾರು ಸಲ ಮುಟ್ಟುತ್ತವೆ.

ಅಲ್ಲಿ ಏನಾಗುತ್ತೆ? ಮೂರು ವಿಷಯ. ಒಂದು, ಮರಳು ಅಥವಾ ಚೂರುಗಳು ತುಂಬಿದ್ದರೆ ನಡುಕಕ್ಕೆ ಕಣಗಳ ಹಿಡಿತ ಬಿಟ್ಟು ಅವು ದ್ರವದ ಹಾಗೆ ವರ್ತಿಸ್ತವೆ. ಡಬ್ಬಿಗೆ ರಾಗಿ ತುಂಬುವಾಗ ತಟ್ಟಿದ್ರೆ ಕಾಳು ಹರಿದು ಜಾಗ ಮಾಡ್ಕೊಳ್ಳುತ್ತಲ್ಲ, ಹಾಗೆ. ಎರಡು, ಪೈಪ್ ಹಿಗ್ಗಿದಾಗ ಸ್ವಲ್ಪ ಸಣ್ಣಗಾಗುತ್ತೆ, ಕುಗ್ಗಿದಾಗ ದಪ್ಪ ಆಗುತ್ತೆ. 50 ಟನ್ ಏರಿಳಿತಕ್ಕೆ 127 ಮಿಲಿಮೀಟರ್ ವ್ಯಾಸದಲ್ಲಿ 0.03 ಮಿ.ಮೀ.ಗೂ ಕಡಿಮೆ, ತಲೆಕೂದಲಿನ ಅರ್ಧ ದಪ್ಪವೂ ಇಲ್ಲ. ಆದರೆ ಸಾವಿರಾರು ಸಲ ಹೀಗಾದ್ರೆ ಕೇಕಿನ ಸಂದಿಗೆ ದ್ರವ ನುಸುಳಿ, ಒತ್ತಡದ ವ್ಯತ್ಯಾಸ ಕರಗೋಕೆ ದಾರಿಯಾಗುತ್ತೆ. ಮೂರು, ನಿಂತ ವಸ್ತುವಿನ ಘರ್ಷಣೆ ಜಾರುವ ವಸ್ತುವಿಗಿಂತ ಹೆಚ್ಚು. ನಡುಕದಲ್ಲಿ ಪೈಪ್ ಕ್ಷಣಕ್ಷಣಕ್ಕೂ ಜಾರುತ್ತೆ, ಮೇಲ್ಮುಖ ಎಳೆತ ಹೇಗೂ ಇದೆ, ಕೂದಲೆಳೆಯಷ್ಟೇ ಆದರೂ ಪ್ರತಿ ಸಲ ಮೇಲಕ್ಕೇ ಬರುತ್ತೆ.

ಸ್ಕ್ರೀನ್ ಮೇಲೆ ಕಾಣದ ನಡುಕ

ಒಂದು ವರ್ಷದ ಮೇಲೆ ಬೇರೆ ಒಂದು ಹಳೇ ಬಾವಿಯಲ್ಲಿ ಈ ಯಂತ್ರ ಬಳಸಿದ್ರು. ಎಣ್ಣೆ ಮೇಲೆ ತರುವ ಒಳಪೈಪ್ ಸುಮಾರು 1,200 ಮೀಟರಿನಲ್ಲಿ ಮರಳಿಗೆ ಸಿಕ್ಕಿತ್ತು. ನಾನು ಆಸೆಯಿಂದ ನಮ್ಮ ಸ್ಕ್ರೀನ್ ಮುಂದೆ ಕೂತೆ. ಏನೂ ಕಾಣಲಿಲ್ಲ! ಹುಕ್ ಲೋಡ್ ಗೆರೆ ಕೆರೆ ನೀರಿನ ಹಾಗೆ ತಣ್ಣಗಿತ್ತು. ಆಗಾಗ ಹತ್ತು ಸೆಕೆಂಡಿಗೊಂದು ಸೋಮಾರಿ ಅಲೆ.

ಐಟಿಯವರಿಗೆ ಅರ್ಥ ಆಗಿರುತ್ತೆ. ನಮ್ಮ ಡೇಟಾ ಸೆಕೆಂಡಿಗೆ ಒಂದು. ಯಂತ್ರ ನಡುಗ್ತಿರೋದು ಸೆಕೆಂಡಿಗೆ ಹನ್ನೊಂದು ಸಲ. ಸರಿಯಾಗಿ 11 ಹರ್ಟ್ಜ್ ಇದ್ದರೆ ಪ್ರತಿ ಸೆಕೆಂಡೂ ಅಲೆಯ ಅದೇ ಬಿಂದುವನ್ನು ನೋಡ್ತೀವಿ, ಗೆರೆ ಸಪಾಟು. 11.1 ಇದ್ದರೆ ಹತ್ತು ಸೆಕೆಂಡಿನ ಸುಳ್ಳು ಅಲೆ. ಮೊದಲ ಸಲ ಅಲಾರ್ಮಿನ ಬಾಯಿ ನಾನು ಮುಚ್ಚಿಸಿದ್ದೆ. ಈ ಸಲ ಡೇಟಾಗೆ ಬಾಯೇ ಇರಲಿಲ್ಲ. ಹಸಿರು ಸ್ಕ್ರೀನ್ ಅಂದ್ರೆ ಎಲ್ಲ ಸರಿ ಇದೆ ಅಂತಲ್ಲ, ನಮಗೆ ಕಾಣ್ತಿಲ್ಲ ಅಂತಲೂ ಇರಬಹುದು.

ಆಮೇಲೆ ಯಂತ್ರದವರ ವೇಗದ ಸೆನ್ಸರ್ ಫೈಲ್ ತರಿಸಿ ನೋಡಿದೆ. ನಡುಕ ಹೆಚ್ಚಾದ ಜಾಗಗಳು 9.4, 11.5, 13.5 ಹರ್ಟ್ಜ್. ಅಂತರ ಸುಮಾರು 2.1. ಲೆಕ್ಕ ಹಾಕಿದ್ರೆ 1,200 ಮೀಟರ್, ಸರಿಯಾಗಿ ಕೂತಿತು. ಮುಕ್ಕಾಲು ಗಂಟೆ ನಡುಗಿಸಿದ ಮೇಲೆ 11.5ರಲ್ಲಿದ್ದ ಶಿಖರ ಮೆಲ್ಲಗೆ 10.6ಕ್ಕೆ ಜಾರಿತ್ತು. ಅಂದ್ರೆ ಮೇಲಿನ ನೂರು ಮೀಟರ್ ಬಿಟ್ಟುಕೊಂಡಿದೆ, ಆಡುವ ಪೈಪ್ ಉದ್ದ ಆಗಿದೆ, ತಾಳ ನಿಧಾನ ಆಗಿದೆ. ಯಂತ್ರದವರು ಆ ತಾಳವನ್ನೇ ಹಿಂಬಾಲಿಸಿ ವೇಗ ಇಳಿಸುತ್ತಾ ಹೋಗಿದ್ದರು. ಪೈಪ್ ಮೇಲಿನಿಂದ ಕೆಳಕ್ಕೆ, ಸ್ವಲ್ಪ ಸ್ವಲ್ಪವೇ ಬಿಟ್ಟುಕೊಂಡಿತು. ನಮ್ಮ ಒಂದು ಸೆಕೆಂಡಿನ ಡೇಟಾದಲ್ಲಿ ಸತ್ಯ ಹೇಳಿದ್ದು ಒಂದೇ ಕಾಲಂ: ಹುಕ್ಕಿನ ಎತ್ತರ. ಅದು ಸೆಂಟಿಮೀಟರ್ ಸೆಂಟಿಮೀಟರಾಗಿ ಏರುತ್ತಿತ್ತು.

ಎಲ್ಲಿ ಆಗಲ್ಲ?

ಇದು ಮಂತ್ರದಂಡ ಅಲ್ಲ. ಸುತ್ತ ಸಿಮೆಂಟ್ ಗಟ್ಟಿಯಾಗಿ ಹಿಡಿದಿದ್ದರೆ, ಕೇಸಿಂಗ್ ಜಜ್ಜಿಹೋಗಿ ಪೈಪನ್ನು ಕಚ್ಚಿದ್ದರೆ, ನಡುಕ ಸಾಮಾನ್ಯವಾಗಿ ಸೋಲುತ್ತೆ. ತುಂಬಾ ಆಳ, ತುಂಬಾ ಓರೆ ಇರುವ ಬಾವಿಗಳಲ್ಲಿ ಪೈಪ್ ದಾರಿಯುದ್ದಕ್ಕೂ ಗೋಡೆಗೆ ಉಜ್ಜುತ್ತೆ, ಕಂಪನ ಕೆಳಗೆ ತಲುಪೋ ಹೊತ್ತಿಗೆ ಸಾಯುತ್ತೆ. ಅಂಥ ಕಡೆ ಮಡ್‌ನ ಹರಿವಿನಿಂದಲೇ ನಡುಗುವ ಸಣ್ಣ ಉಪಕರಣಗಳನ್ನು ಕೆಳಗಡೆಯೇ ಇಳಿಸೋ ದಾರಿ ಇದೆ.

ಅಪಾಯವೂ ಇದೆ. ಅನುರಣನ ಅಂಟನ್ನು ಮಾತ್ರ ಬಿಡಿಸಲ್ಲ, ಬಿರುಕಿರುವ ಪೈಪನ್ನು ಮುರಿಯಬಹುದು, ಬೋಲ್ಟ್‌ಗಳನ್ನು ಸಡಿಲ ಮಾಡಿ ಉದುರಿಸಬಹುದು. ಅದಕ್ಕೇ ಯಂತ್ರ ಓಡುವಾಗ ಕೆಳಗೆ ಜನ ನಿಲ್ಲಬಾರದು, ಮಧ್ಯೆ ಮಧ್ಯೆ ನಿಲ್ಲಿಸಿ ಎಲ್ಲವನ್ನೂ ಪರೀಕ್ಷಿಸಬೇಕು.

ಇಷ್ಟೆಲ್ಲ ಓದಿದ ಮೇಲೆ ನಮ್ಮ ಮೊದಲ ಬಾವಿಯಲ್ಲಿ ಈ ಯಂತ್ರ ಇದ್ದಿದ್ರೆ ಪೈಪ್ ಬರ್ತಿತ್ತಾ ಅಂತ ಸರ್ ಅವರನ್ನು ಕೇಳಿದೆ. "ಬರ್ತಿತ್ತೋ ಏನೋ. ಆದ್ರೆ ಹತ್ತನೇ ನಿಮಿಷಕ್ಕೆ ಒಂದು ಫೋನ್ ಹೋಗಿದ್ರೆ ಈ ಪ್ರಶ್ನೆನೇ ಇರ್ತಿರಲಿಲ್ಲ" ಅಂದ್ರು.

ಈಗ ಆ ಅಲಾರ್ಮ್ ಮತ್ತೆ 10 ನಿಮಿಷಕ್ಕೆ ಬಂದಿದೆ. ಬಿಟ್ ಕೇಸಿಂಗಿನ ಒಳಗಿದ್ದರೆ ಸುಮ್ಮನಿರುತ್ತೆ, ಹೊರಗಿದ್ದರೆ ಮಾತ್ರ ಕೂಗುತ್ತೆ, ಹಾಗಾಗಿ ಸುಳ್ಳು ಕೂಗು ಕಡಿಮೆ. ಯಾರಾದ್ರೂ ಮಿತಿ ಬದಲಾಯಿಸಿದ್ರೆ ಕಾರಣ ಬರೀಬೇಕು, ಹನ್ನೆರಡು ಗಂಟೆ ಆದಮೇಲೆ ಅದು ತಾನಾಗಿ ಹಳೇ ಮಿತಿಗೆ ಮರಳುತ್ತೆ. ಬರೆಯೋಕೆ ನನಗೆ ಹಿಡಿದದ್ದು ಒಂದೂವರೆ ದಿನ. ಆ ಶುಕ್ರವಾರ ಸಂಜೆ ನಾನು ಉಳಿಸಿದ್ದು ಆ ಒಂದೂವರೆ ದಿನವನ್ನೇ.

ನಿಮ್ಮ ಕೆಲಸದಲ್ಲೂ ಹೀಗೆ ಬಾಯಿ ಮುಚ್ಚಿಸಿದ ಅಲಾರ್ಮ್ ಒಂದಾದರೂ ಇರುತ್ತೆ. ಈ ವಾರ ಅದನ್ನೊಮ್ಮೆ ತೆಗೆದು ನೋಡಿ. ಮುಂದಿನ ವಾರ ಮತ್ತೆ ಸಿಗೋಣ.